ನಾವಿನ್ನೂ ಹೋಗಿರದ ಲಾಡ್ಜು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಎದುರಿಗೆ ನಗದಿದ್ದರೂ ಮನೆಗೆ ಬಂದು ಗಂಡನ ಹತ್ತಿರ ಹೇಳಿಕೊಂಡಾದರೂ ನಗುತ್ತಿದ್ದೆ. ಪಾಲೋ ಆಲ್ಟೋದ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟ್ ಮಾಡುವುದು ನನ್ನ ಕೆಲಸ. ಯಾರಾದರೂ ಬಂದು ನಿನ್ನೆ ಹೀಗಾಯಿತು ಎಂದರೆ, ಸರಿ, ಇನ್ನೊಂದು ಸಲ ಮಾಡಿ ತೋರಿಸಿ ಎನ್ನುವುದು ನಮ್ಮ ಕಸುಬಿನ ಮೊದಲ ಪಾಠ. ಇನ್ನೊಂದು ಸಲ ಆಗದಿದ್ದರೆ ಅದನ್ನು ಬದಿಗಿಟ್ಟು ಮುಂದಿನ ಕೆಲಸ ನೋಡುತ್ತೇವೆ. ಬದುಕಿನಲ್ಲೂ ನಾನು ಹಾಗೇ ಇದ್ದೆ. ಈಗ ಬರೆಯುತ್ತಿರುವುದು ಮಾತ್ರ ಒಂದೇ ಒಂದು ಸಲ ನಡೆದದ್ದು. ಅದನ್ನು ಇನ್ನೊಮ್ಮೆ ಮಾಡಿ ತೋರಿಸಲು ನನ್ನಿಂದಾಗದು. ನೀವು ನಂಬಲೇಬೇಕು ಎಂದು ಕೇಳುವ ಧೈರ್ಯವೂ ಇಲ್ಲ.

ಮೂರು ವರ್ಷದ ಹಿಂದಿನ ಮಾತು. ಅಪ್ಪ ಆರು ತಿಂಗಳಿದ್ದು ಹೋಗೋಣವೆಂದು ಮೈಸೂರಿನಿಂದ ಸ್ಯಾನ್ ಹೊಸೆಯ ಎವರ್‌ಗ್ರೀನ್ ಬಡಾವಣೆಯ ನಮ್ಮ ಮನೆಗೆ ಬಂದಿದ್ದರು. ಅಮ್ಮ ತೀರಿಕೊಂಡು ಆಗ ನಾಲ್ಕು ವರ್ಷ. ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಮೂವತ್ತೊಂದು ವರ್ಷ ಗಾಡಿ ಓಡಿಸಿದರು, ಅದರಲ್ಲಿ ಬಹುಪಾಲು ಊಟಿಯ ಘಾಟಿಯಲ್ಲೇ. ಅಮೆರಿಕದಲ್ಲಿ ಅವರಿಗೆ ಅಂಗಡಿಗಳೂ ಬೇಡ, ಎಲ್ಲರೂ ಹೋಗಿ ನೋಡುವ ಆ ದೊಡ್ಡ ಸೇತುವೆಯೂ ಬೇಡ. ಫ್ರೀವೇ ನೋಡುತ್ತಾ ಕಾರಿನ ಮುಂದಿನ ಸೀಟಿನಲ್ಲಿ ಕೂತರೆ ಅವರಿಗೆ ಹೊತ್ತು ಹೋಗುವುದೇ ತಿಳಿಯುತ್ತಿರಲಿಲ್ಲ.

ಏಪ್ರಿಲ್‌ನಲ್ಲಿ ಮಗಳ ಸ್ಕೂಲಿಗೆ ಸ್ಪ್ರಿಂಗ್ ಬ್ರೇಕಿನ ರಜೆ. ಆಗ ಯೂಟಾ, ಅರಿಜೋನಾ ಕಡೆಯ ಮರುಭೂಮಿಯಲ್ಲಿರುವ ಕಣಿವೆಗಳನ್ನು ನೋಡಿಕೊಂಡು ಬರೋಣ ಎಂದು ನಮ್ಮವರು, ಸುಹಾಸ್, ಹೇಳಿದ್ದೇ ತಡ, ಅಪ್ಪ ಆ ಪ್ರವಾಸವನ್ನು ತಮ್ಮ ಕೈಗೆ ತೆಗೆದುಕೊಂಡುಬಿಟ್ಟರು. ಲೈಬ್ರರಿಯವರು ಹಳೇ ಪುಸ್ತಕ ಮಾರುವಾಗ ಕೊಂಡ ದೊಡ್ಡ ರಸ್ತೆ ನಕ್ಷೆಯ ಪುಸ್ತಕವೊಂದು ಡೈನಿಂಗ್ ಟೇಬಲ್ಲಿನ ಮೇಲೆ ಬಂದು ಕೂತಿತು. ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುವರು, ಮೈಲಿಯನ್ನು ಕಿಲೋಮೀಟರಿಗೆ ತಿರುಗಿಸಿ ಪಕ್ಕದಲ್ಲಿ ಬರೆಯುವರು. ಝಯಾನ್ ಕಣಿವೆಯಿಂದ ಮೇಲೆ ಹತ್ತಿ ಸುರಂಗದೊಳಗೆ ಹೋಗುವ ರಸ್ತೆಯ ವಿಡಿಯೋವನ್ನು ಅವರು ಎಷ್ಟು ಸಲ ನೋಡಿದರೋ. ಪ್ರತಿ ಹೇರ್‌ಪಿನ್ ತಿರುವಿಗೂ ಅವರ ಎಡಗೈ ಇಲ್ಲದ ಗೇರನ್ನು ಬದಲಾಯಿಸುತ್ತಿತ್ತು.

"ಇಲ್ಲಿ ಸೆಕೆಂಡ್ ಗೇರು ಸಾಕು ಕಣವ್ವ," ಎಂದು ನನ್ನ ಮಗಳು ಅನ್ವಿಗೆ ಹೇಳುವರು. ಹತ್ತು ವರ್ಷದ ಅವಳು ಪುಸ್ತಕದಿಂದ ತಲೆ ಎತ್ತದೆ, "ತಾತಾ, ಇಟ್ಸ್ ಆಟೋಮ್ಯಾಟಿಕ್," ಎನ್ನುವಳು.

ಮಾರ್ಚ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಉಳಿದುಕೊಳ್ಳುವ ಜಾಗಗಳನ್ನೆಲ್ಲ ಬುಕ್ ಮಾಡಿ ಮುಗಿಸಲು ಕೂತೆವು. ಬ್ರೈಸ್ ಕಣಿವೆಗೆ ಹೋಗುವ ದಾರಿಯಲ್ಲೊಂದು ಸಣ್ಣ ಊರು. ಅಲ್ಲಿನ ಒಂದು ಲಾಡ್ಜನ್ನು ಅಪ್ಪನೇ ಆರಿಸಿದ್ದರು, ರಸ್ತೆ ಕಾಣುವ ಹಾಗಿದೆ ಎಂಬ ಒಂದೇ ಕಾರಣಕ್ಕೆ. ಅವರಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತುವುದು ಕಷ್ಟ. ಕೆಳಗಿನ ಅಂತಸ್ತಿನ ಕೋಣೆಯೇ ಬೇಕೆಂದು ಹೇಳಲು ವೆಬ್‌ಸೈಟಿನಲ್ಲಿ ಜಾಗವಿರಲಿಲ್ಲ. ಹಾಗಾಗಿ ಫೋನ್ ಮಾಡಿದೆ. ಮನೆಯೊಳಗೆ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರಿಂದ ಗರಾಜಿಗೆ ಬಂದು ಬಾಗಿಲು ಮುಚ್ಚಿಕೊಂಡೆ. ಹನ್ನೊಂದು ಗಂಟೆ ಇರಬೇಕು.

ಒಬ್ಬ ಹೆಂಗಸು ಫೋನ್ ಎತ್ತಿಕೊಂಡರು. ವಯಸ್ಸಾದ, ಸಮಾಧಾನದ ದನಿ. ತಮ್ಮ ಹೆಸರು ರೂತ್ ಎಂದರು. ನಾನು ನನ್ನ ಹೆಸರು ಹೇಳಿ, ಸ್ಯಾನ್ ಹೊಸೆಯಿಂದ ಮಾತಾಡುತ್ತಿದ್ದೇನೆ, ಏಪ್ರಿಲ್‌ನಲ್ಲಿ ನಾವು ನಾಲ್ವರು ಬರುವವರಿದ್ದೇವೆ ಎಂದು ಶುರು ಮಾಡಿದೆ. ಅವರು ನನ್ನ ಮಾತು ಮುಗಿಯಲು ಬಿಡಲಿಲ್ಲ. ಅಯ್ಯೋ, ನೀನಾ, ನಿನ್ನನ್ನು ನೆನೆಸಿಕೊಳ್ಳದ ದಿನವಿಲ್ಲ, ನಿನ್ನ ತಂದೆ ಹೇಗಿದ್ದಾರೆ ಎಂದು ಕೇಳಿದರು.

ಬೇರೆ ಯಾರೋ ಎಂದುಕೊಂಡಿದ್ದಾರೆ ಅನಿಸಿತು. ಆದರೂ ಮರ್ಯಾದೆಗೆ, ಚೆನ್ನಾಗಿದ್ದಾರೆ ಎಂದೆ.

ಆ ಕಡೆ ಅವರು ಅಳುತ್ತಿದ್ದಾರೆ ಎಂದು ಗೊತ್ತಾಯಿತು. ಹೆಲಿಕಾಪ್ಟರಿನವರು ನಮಗೆ ಬೇರೆಯೇ ಹೇಳಿದ್ದರು, ದೇವರು ದೊಡ್ಡವನು ಎಂದರು. ಆ ದಿನ ನಿನ್ನ ಮಗಳು ನನ್ನ ಪಕ್ಕದಲ್ಲೇ ಕೌಂಟರಿನ ಹಿಂದೆ ಕೂತಿದ್ದಳು, ಅವಳಿಗೆ ಏನು ಹೇಳಬೇಕೋ ತಿಳಿಯದೆ ಬಿಸ್ಕತ್ತು ಕೊಡುತ್ತಾ ಹೋದೆ ಎಂದರು. ಹೆಲಿಕಾಪ್ಟರು ಬರುವವರೆಗೂ ನಿನ್ನ ತಂದೆ ನನ್ನ ಕೈ ಬಿಡಲೇ ಇಲ್ಲ, ಹಿಂದಿನ ಸಂಜೆಯಷ್ಟೇ ಇಲ್ಲಿ ನಿಂತು ನಾನು ಬೆಟ್ಟದ ದಾರಿಯಲ್ಲಿ ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು ಅಂತ ಎಷ್ಟು ಹೆಮ್ಮೆಯಿಂದ ಹೇಳಿದ್ದರು ಎಂದರು.

ನಾನು ಅವರಿಗೆ ಬಸ್ಸಿನ ವಿಷಯ ಹೇಳಿರಲಿಲ್ಲ. ಮೊಣಕಾಲಿನ ವಿಷಯಕ್ಕೇ ಇನ್ನೂ ಬಂದಿರಲಿಲ್ಲ.

ಒಂದು ಕೇಳಬೇಕು ಅಂತಿದ್ದೆ, ಎಂದು ಅವರು ಮುಂದುವರಿಸಿದರು. ಅವರು ಕೊನೆಯವರೆಗೂ ಒಂದೇ ಮಾತು ಹೇಳುತ್ತಿದ್ದರು, ಕೆಮ್ಮಿ, ಕೆಮ್ಮಿ ಅಂತ. ಅದು ಮನೆಯಲ್ಲಿ ನಿನ್ನನ್ನು ಕರೆಯುವ ಹೆಸರಾ?

ಆಗ ನನ್ನ ಬಾಯಿಂದ ಮಾತು ಹೊರಟಿತು. ನೀವು ತಪ್ಪು ತಿಳಿದಿದ್ದೀರಿ, ನಾವು ಅಲ್ಲಿಗೆ ಯಾವತ್ತೂ ಬಂದಿಲ್ಲ, ಇನ್ನು ಮೇಲೆ ಬರಬೇಕಷ್ಟೆ, ನಮ್ಮಪ್ಪ ಈಗ ಒಳಗೆ ಕೂತು ನಕ್ಷೆ ನೋಡುತ್ತಿದ್ದಾರೆ ಎಂದೆ. ರೂತ್ ಮೆಲ್ಲಗೆ, ಹಾಗಾದರೆ ಅವರ ಹತ್ತಿರ ಹೋಗು, ಎಂದರು. ಲೈನು ಹೋಯಿತು.

ಗೋಡೆಗೆ ಒರಗಿಸಿಟ್ಟಿದ್ದ ಟೆಂಟಿನ ಚೀಲದ ಮೇಲೆ ಕೂತುಬಿಟ್ಟೆ. ಸ್ವಲ್ಪ ಹೊತ್ತಿಗೆ ನನ್ನ ಕಸುಬಿನ ಬುದ್ಧಿ ಎದ್ದಿತು. ಅದೇ ನಂಬರಿಗೆ ಮತ್ತೆ ಫೋನ್ ಮಾಡಿದೆ. ಈ ಸಲ ಎತ್ತಿದ್ದು ಒಬ್ಬ ಗಂಡಸು. ರೂತ್ ಎಂಬುವರನ್ನು ಕೊಡಿ ಎಂದೆ. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ, ಲಾಡ್ಜು ನಡೆಸುವುದು ನಾನು ಮತ್ತು ನನ್ನ ಹೆಂಡತಿ, ಅವಳು ಬಟ್ಟೆ ಒಗೆಯುವ ಕೋಣೆಯಲ್ಲಿದ್ದಾಳೆ, ಬೆಳಿಗ್ಗೆ ಆರರಿಂದ ಕೌಂಟರಿನಲ್ಲಿ ನಾನೇ ಇದ್ದೇನೆ ಎಂದರು. ಹತ್ತು ನಿಮಿಷದ ಹಿಂದೆ ನಾನು ಮಾತಾಡಿದ್ದೆನಲ್ಲ ಎಂದರೆ, ಇಲ್ಲ ಮೇಡಂ, ಇವತ್ತು ಫೋನ್ ಬಂದಿರುವುದು ಇದೇ ಮೊದಲು ಎಂದರು. ನನ್ನ ಫೋನಿನಲ್ಲಿ ನೋಡಿದರೆ ಆ ನಂಬರಿಗೆ ಎರಡು ಕರೆಗಳಿದ್ದವು. ಮೊದಲನೆಯದು ಆರು ನಿಮಿಷದ್ದು.

ಒಳಗೆ ಹೋದೆ. ಸುಹಾಸ್ ಕಾಫಿ ಬೆರೆಸುತ್ತಿದ್ದರು. ಅಪ್ಪ ಕನ್ನಡಕ ಹಣೆಗೇರಿಸಿಕೊಂಡು ಸ್ಕೇಲಿನಿಂದ ಏನೋ ಅಳೆಯುತ್ತಿದ್ದರು. ಏನೂ ಆಗದವಳಂತೆ ಎದುರಿಗೆ ಕೂತೆ. ಹೇಗೆ ಶುರು ಮಾಡುವುದೋ ತಿಳಿಯಲಿಲ್ಲ. ಕೊನೆಗೆ ತಮಾಷೆಯ ದನಿ ತಂದುಕೊಂಡು, "ಅಪ್ಪಾ, ನಿಮಗೇನು ಕೆಮ್ಮಾ? ಲಾಡ್ಜಿನ ಹೆಂಗಸೊಬ್ಬರು ಹೇಳ್ತಿದ್ರು, ನೀವು ಕೆಮ್ಮಿ, ಕೆಮ್ಮಿ ಅಂತಿದ್ರಂತೆ," ಎಂದೆ.

ಅಪ್ಪನ ಕೈಯಲ್ಲಿದ್ದ ಸ್ಕೇಲು ನಕ್ಷೆಯ ಮೇಲೆ ಹಾಗೇ ನಿಂತಿತು. ಅವರ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಅಮ್ಮ ಹೋದ ದಿನವೂ ನಾನು ಅವರನ್ನು ಹಾಗೆ ನೋಡಿರಲಿಲ್ಲ.

"ಯಾರವ್ವ ಹೇಳಿದ್ದು ನಿಂಗೆ ಆ ಹೆಸ್ರ?"

ಅದೊಂದು ಹೆಸರೆಂದು ನನಗೆ ಆಗಲೇ ಗೊತ್ತಾದದ್ದು. ಅಪ್ಪನಿಗೆ ಒಬ್ಬ ಅಕ್ಕ ಇದ್ದಳಂತೆ, ಕೆಂಪಮ್ಮ. ಇವರಿಗಿಂತ ಒಂಬತ್ತು ವರ್ಷ ದೊಡ್ಡವಳು. ಅಜ್ಜಿ ಕೂಲಿಗೆ ಹೋದರೆ ಇವರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಕೆಂಪಮ್ಮ ಎನ್ನಲು ನಾಲಿಗೆ ತಿರುಗದೆ ಇವರು ಕೆಮ್ಮಿ ಎನ್ನುತ್ತಿದ್ದರಂತೆ. ಇವರಿಗೆ ಆರು ವರ್ಷವಿದ್ದಾಗ ಅವಳು ಮೂರು ದಿನದ ಜ್ವರಕ್ಕೆ ಹೋದಳು. ಆಮೇಲೆ ಅಜ್ಜಿ ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತಬಾರದು ಎಂದುಬಿಟ್ಟರಂತೆ. ಅಪ್ಪನಿಗೆ ಒಬ್ಬ ಅಕ್ಕ ಇದ್ದಳೆಂಬುದೇ ನನಗೆ ಅಲ್ಲಿಯವರೆಗೂ ತಿಳಿದಿರಲಿಲ್ಲ.

"ನಿಮ್ಮಮ್ಮಂಗೂ ಹೇಳಿಲ್ಲ ಕಣವ್ವ ನಾನು," ಎಂದರು ಅಪ್ಪ. "ಅರವತ್ತೈದು ವರ್ಷ ಆಯ್ತು, ಆ ಹೆಸ್ರು ನನ್ ಬಾಯಲ್ಲಿ ಬಂದಿಲ್ಲ."

ಆಗ ನಾನು ಎಲ್ಲವನ್ನೂ ಹೇಳಿದೆ. ಹೆಲಿಕಾಪ್ಟರಿನ ಮಾತನ್ನು ಬಿಡೋಣ ಎಂದುಕೊಂಡಿದ್ದೆ, ಆದರೆ ಬಿಡಲಾಗಲಿಲ್ಲ. ಸುಹಾಸ್ ಒಲೆ ಆರಿಸಿ ಬಂದು ನಿಂತರು. ಅನ್ವಿಯನ್ನು ಅವಳ ಕೋಣೆಗೆ ಕಳಿಸಿದೆವು. ಅಪ್ಪ ನಕ್ಷೆಯ ಪುಸ್ತಕವನ್ನು ಮೆಲ್ಲಗೆ ಮುಚ್ಚಿದರು. ಅದರ ಮೇಲೆ ಎರಡೂ ಕೈ ಇಟ್ಟುಕೊಂಡು, ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ತಲೆ ತಗ್ಗಿಸಿ ಹೇಳಿದರು:

"ಎರಡು ವಾರದಿಂದ ವಾಕಿಂಗ್ ಹೋದ್ರೆ ಆ ಏರಿನಲ್ಲಿ ಎದೆ ಹಿಡ್ದಂಗಾಯ್ತದೆ. ಎಡಗೈ ಜೋಮು ಬತ್ತದೆ. ಹೇಳಿದ್ರೆ ನೀವು ಟ್ರಿಪ್ಪು ಕ್ಯಾನ್ಸಲ್ ಮಾಡ್ಬುಡ್ತೀರ ಅಂತ ಸುಮ್ನಿದ್ದೆ."

ಆ ಮಾತು ಕೇಳಿದಾಗ ನನಗಾದದ್ದನ್ನು ಬರೆಯುವುದು ಕಷ್ಟ. ಗರಾಜಿನಲ್ಲಿ ಆದ ಹೆದರಿಕೆ ಬೇರೆ, ಇದು ಬೇರೆ. ದಿನಾ ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದು ನನ್ನೆದುರಿಗೇ ಕೂತು ಕಾಫಿ ಕುಡಿಯುವ ಮನುಷ್ಯ. ನನಗೆ ಕಾಣದ್ದನ್ನು ಎಲ್ಲೋ ಇರುವ, ಅಥವಾ ಎಲ್ಲೂ ಇರದ, ಒಬ್ಬ ಹೆಂಗಸು ಹೇಳಿದ್ದರು.

ಸುಹಾಸ್ ಒಂದೇ ಮಾತಾಡಿದ್ದು. ಫೋನಿನ ವಿಷಯ ಆಮೇಲೆ ನೋಡೋಣ, ಮೊದಲು ಕಾರಿಗೆ ಹತ್ತಿ ಎಂದರು. ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋದೆವು. ಇಸಿಜಿ ತೆಗೆದವರು ಅಪ್ಪನನ್ನು ಮತ್ತೆ ಏಳಲು ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆಂಜಿಯೋಗ್ರಾಂ ಆಯಿತು. ಹೃದಯದ ಮುಖ್ಯ ರಕ್ತನಾಳವೊಂದು ಹೆಚ್ಚುಕಡಿಮೆ ಪೂರ್ತಿ ಮುಚ್ಚಿತ್ತು, ಇನ್ನೊಂದು ಅರ್ಧ. ಎರಡು ಸ್ಟೆಂಟು ಹಾಕಿದರು. ಹೊರಗೆ ಬಂದ ಡಾಕ್ಟರಿಗೆ, ಮುಂದಿನ ತಿಂಗಳು ನಾವು ಬ್ರೈಸ್ ಕಡೆಗೆ ಹೊರಟಿದ್ದೆವು ಎಂದೆ. ಅವರು ನನ್ನನ್ನು ನೋಡಿ, ಅದು ಎಂಟು ಸಾವಿರ ಅಡಿ ಎತ್ತರದ ಜಾಗ, ಅಲ್ಲಿ ದೊಡ್ಡ ಆಸ್ಪತ್ರೆ ಬೇಕೆಂದರೆ ಹೆಲಿಕಾಪ್ಟರಿನಲ್ಲೇ ಸಾಗಿಸಬೇಕು ಎಂದರು.

ಅಪ್ಪ ಐದನೇ ದಿನ ಮನೆಗೆ ಬಂದರು. ಬುಕ್ ಮಾಡಿದ್ದನ್ನೆಲ್ಲ ಸುಹಾಸ್ ಒಂದೊಂದಾಗಿ ರದ್ದು ಮಾಡಿದರು. ಅನ್ವಿ ಅಳಲಿಲ್ಲ. ತಾತನ ಹಾಸಿಗೆಯ ಮೇಲೆ ಕೂತು ಲ್ಯಾಪ್‌ಟಾಪಿನಲ್ಲಿ ಅದೇ ರಸ್ತೆಯ ವಿಡಿಯೋ ಹಾಕಿಕೊಟ್ಟಳು. ಅಪ್ಪ ಸುರಂಗ ಬರುವ ಮೊದಲೇ ನಿದ್ದೆ ಹೋದರು.

ಆಮೇಲೆ ನಾನು ಹುಡುಕದ ದಾರಿಯಿಲ್ಲ. ಆ ಲಾಡ್ಜಿಗೆ ಮತ್ತೆರಡು ಸಲ ಫೋನ್ ಮಾಡಿದೆ. ನಿಮಗಿಂತ ಮೊದಲು ನಡೆಸುತ್ತಿದ್ದವರಲ್ಲಿ ರೂತ್ ಎಂಬುವರಿದ್ದರೇ ಎಂದು ಕೇಳಿದೆ. ಇರಲಿಲ್ಲ, ಕಟ್ಟಿಸಿದ್ದೇ ನಾವು ಎಂದರು. ಅವರ ಹೆಂಡತಿಯ ದನಿಯನ್ನೂ ಕೇಳಿದೆ. ತೆಳ್ಳಗಿನ, ಅವಸರದ ದನಿ. ಅದಲ್ಲ.

ಸುಹಾಸ್‌ಗೆ ತಮ್ಮದೇ ಒಂದು ವಿವರಣೆ ಇದೆ. ಅಪ್ಪ ಏದುಸಿರು ಬಿಡುತ್ತಿದ್ದುದನ್ನು ನಿನ್ನ ಮನಸ್ಸು ಗಮನಿಸಿತ್ತು, ನಿನಗೆ ಗೊತ್ತಾಗಲಿಲ್ಲ ಅಷ್ಟೆ. ಫೋನು ಯಾರಿಗೋ ತಗುಲಿರಬೇಕು, ಅವರು ಏನೋ ಅಂದರು, ಉಳಿದದ್ದನ್ನು ನಿನ್ನ ಮನಸ್ಸೇ ಸೇರಿಸಿಕೊಂಡಿತು ಎನ್ನುತ್ತಾರೆ. ಬೇರೆ ಯಾರಾದರೂ ನನಗೆ ಈ ಕಥೆ ಹೇಳಿದ್ದರೆ ನಾನೂ ಇದನ್ನೇ ಹೇಳುತ್ತಿದ್ದೆ. ಹಾಗಾದರೆ ಕೆಮ್ಮಿ ಎಂಬ ಹೆಸರು ನನ್ನ ಮನಸ್ಸಿಗೆ ಎಲ್ಲಿಂದ ಬಂತು ಎಂದು ಕೇಳಿದರೆ, ಸುಹಾಸ್ ಗೊತ್ತಿಲ್ಲ ಎನ್ನುತ್ತಾರೆ. ಈ ವಿಷಯದಲ್ಲಿ ನನಗೆ ಅವರ ಮೇಲೆ ಗೌರವವಿದೆ, ಸುಳ್ಳು ಸಮಾಧಾನ ಹೇಳುವುದಿಲ್ಲ.

ನನ್ನನ್ನು ಕಾಡುವುದು ಇನ್ನೊಂದು. ಆ ಹೆಂಗಸು ನನ್ನನ್ನು ಎಚ್ಚರಿಸಲು ಫೋನ್ ಎತ್ತಿದವರಲ್ಲ. ನಮ್ಮಪ್ಪ ಚೆನ್ನಾಗಿದ್ದಾರೆ ಎಂದಾಗ ನನಗಿಂತ ಹೆಚ್ಚು ಬೆರಗಾದವರು ಅವರೇ. ಅವರ ಪಾಲಿಗೆ ಅದೆಲ್ಲ ಆಗಿಹೋಗಿತ್ತು. ನನ್ನ ಮಗಳು ಅವರ ಪಕ್ಕದಲ್ಲಿ ಕೂತು ಬಿಸ್ಕತ್ತು ತಿಂದಿದ್ದಳು. ಅದು ಎಲ್ಲಿ, ಯಾವಾಗ, ಯಾರಿಗೆ ಆದದ್ದು?

ಸೆಪ್ಟೆಂಬರಿನಲ್ಲಿ, ಡಾಕ್ಟರು ಒಪ್ಪಿದ ಮೇಲೆ, ಅಪ್ಪ ಮೈಸೂರಿಗೆ ಹೊರಟರು. ಆ ಬೆಳಿಗ್ಗೆ ಸೂಟ್‌ಕೇಸಿಗೆ ಬಟ್ಟೆ ಜೋಡಿಸುತ್ತಾ ನಾವಿಬ್ಬರೇ ಇದ್ದೆವು. ಅಷ್ಟು ತಿಂಗಳಲ್ಲಿ ಅವರು ಆ ಫೋನಿನ ಸುದ್ದಿ ಎತ್ತಿರಲಿಲ್ಲ. ನಾನೂ ಎತ್ತಿರಲಿಲ್ಲ. ಅವರು ಮಡಚಿದ ಪಂಚೆಯನ್ನು ಕೈಯಲ್ಲೇ ಹಿಡಿದುಕೊಂಡು, ನನ್ನ ಮುಖ ನೋಡದೆ ಕೇಳಿದರು:

"ನಾನು ಆ ಹೆಸ್ರ ಕೂಗ್ತಿದ್ದೆ ಅಂದ್ರಲ್ಲ ಆ ಹೆಂಗ್ಸು. ಅವ್ಳು ಬಂದ್ಲಂತಾ? ನನ್ ಹತ್ರ ಬಂದಿದ್ಲಂತಾ?"

ಯಾರು ಎಂದು ನಾನು ಕೇಳಲಿಲ್ಲ. ಅದನ್ನು ಕೇಳಿಲ್ಲಪ್ಪ, ಎಂದೆ.

ಅಪ್ಪ ಪಂಚೆಯನ್ನು ಸೂಟ್‌ಕೇಸಿನಲ್ಲಿಟ್ಟು, ಅದರ ಮೇಲೆ ಒಮ್ಮೆ ಕೈಯಾಡಿಸಿದರು.

"ಕೇಳ್ಬೇಕಾಗಿತ್ತು ಕಣವ್ವ," ಎಂದರು.