ಬೀಡಿ ಹಚ್ಚದೆ ಮರ ಹತ್ತುವುದು

ಐದನೇ ಕ್ಲಾಸಿಗೇ ಸ್ಲೇಟು ಬಿಟ್ಟು ತೆಂಗಿನಮರ ಹಿಡಿದವನು ನಾನು. ದಂಡಿಗನಹಳ್ಳಿ ಸುತ್ತಿನ ತೋಟಗಳಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಕಾಯಿ ಕೆಡವಿದ್ದೇನೆ. ಹತ್ತಿದ ಮರದಿಂದ ಅರ್ಧಕ್ಕೆ ಇಳಿದವನಲ್ಲ ಎಂದು ಎಲ್ಲರ ಮುಂದೆಯೂ ಹೇಳಿಕೊಳ್ಳುತ್ತಿದ್ದೆ. ಈಗ ಹಾಗೆ ಹೇಳುವಂತಿಲ್ಲ.

ಮರದ ಬುಡದಲ್ಲಿ ನಿಂತು ಒಂದು ಬೀಡಿ ಸೇದದೆ ನಾನು ಹತ್ತುತ್ತಿರಲಿಲ್ಲ. ಚಟಕ್ಕಲ್ಲ, ಕೆಲಸಕ್ಕೆ ಎಂದೇ ನಂಬಿದ್ದೆ. ತಲೆಯೆತ್ತಿ ಹೊಗೆ ಬಿಟ್ಟರೆ ಅದು ಬಾಗಿದ ಕಡೆ ಗಾಳಿ. ಮರ ಎತ್ತ ತೂಗುತ್ತದೆ, ಗೊನೆ ಎಲ್ಲಿ ಬೀಳುತ್ತದೆ ಎಂಬುದೆಲ್ಲ ಅದರಲ್ಲೇ ತಿಳಿಯುತ್ತಿತ್ತು. ಬೀಡಿ ಮುಗಿಯುವಷ್ಟರಲ್ಲಿ ಧೈರ್ಯವೂ ಬಂದಿರುತ್ತಿತ್ತು.

ಹೋದ ವರ್ಷ ಮರದ ಮೇಲೆ ಉಸಿರು ಕಟ್ಟತೊಡಗಿತು. ಹಾಸನದ ಡಾಕ್ಟರು ಒಂದು ಕೊಳವೆ ಕೊಟ್ಟು ಊದಿಸಿದರು. ಅದರ ಮುಳ್ಳು ಮೇಲೇಳಲೇ ಇಲ್ಲ. "ಬೀಡಿ ಬಿಡಿ. ಇಲ್ಲಾಂದ್ರೆ ಮರ ಹತ್ತೋದನ್ನ ಬಿಡಬೇಕಾಗುತ್ತೆ" ಎಂದರು.

"ಇವತ್ತಿಂದ್ಲೇ ಬಿಟ್ಟೆ ಸಾ."

ಬಸ್ಸಿನಲ್ಲಿ ಹೆಂಡತಿ ನಕ್ಕಳು. "ನೀವಾ? ಉಣ್ಣೋದಾದ್ರೂ ಬಿಟ್ಟೀರಿ."

"ನೋಡ್ತಿರು. ನಾನು ಆಡಿದ್ ಮಾತು ಮಾತೇಯ."

ಮೂರು ದಿನ ಮನೆಯಲ್ಲಿದ್ದೆ, ಕಷ್ಟವಾಗಲಿಲ್ಲ. ನಾಲ್ಕನೇ ದಿನ ಒಂದು ತೋಟಕ್ಕೆ ಹೋದೆ. ಯಜಮಾನರು ನನಗಿಂತ ಹಿರಿಯರು, ನಾನು ಅಣ್ಣ ಎಂದೇ ಕರೆಯುವುದು. ಪಂಪ್‌ಸೆಟ್ ಮನೆಯ ಪಕ್ಕದ ಮರ ಆ ತೋಟಕ್ಕೇ ಎತ್ತರದ್ದು, ಅದರಿಂದಲೇ ಶುರು ಮಾಡಿದೆ. ಬುಡದಲ್ಲಿ ನಿಂತರೆ ಗಾಳಿ ಎತ್ತ ಕಡೆಯದೆಂದೇ ಹೊಳೆಯಲಿಲ್ಲ. ಆದರೂ ಹತ್ತಿದೆ. ಅರ್ಧಕ್ಕೆ ಮರ ತೂಗಿತು. ದಿನಾ ತೂಗುವಷ್ಟೇ. ಮೇಲಿನ ಕೈ ಮುಂದಕ್ಕೆ ಹೋಗಲೊಲ್ಲದು, ತೊಡೆ ನಡುಗಿತು. ಇಳಿದುಬಿಟ್ಟೆ.

"ಯಾಕ್ಲಾ, ಏನಾಯ್ತು?" ಎಂದರು ಯಜಮಾನರು.

ಹೆದರಿಕೆಯಾಯಿತು ಎನ್ನಲು ಬಾಯಿ ಬರಲಿಲ್ಲ. "ಮ್ಯಾಲೆ ಕಡಜದ ಗೂಡು ಐತೆ ಕಣಣ್ಣ" ಎಂದೆ.

"ಅಷ್ಟೇಯಾ? ಬಾಯಲ್ಲಿ ಬೀಡಿ ಕಚ್ಕಂಡು ಹತ್ತು, ಹೊಗೆಗೆ ಎದ್ದೋಯ್ತವೆ" ಎಂದವರೇ ಜೇಬಿನಿಂದ ಒಂದು ಬೀಡಿ ತೆಗೆದು, ಕಡ್ಡಿ ಗೀರಿ ಮುಂದೆ ಹಿಡಿದರು.

ಬೇಡ ಎಂದರೆ ಗೂಡಿಲ್ಲವೆಂದು ಒಪ್ಪಿಕೊಳ್ಳಬೇಕು. ಅದರ ಬದಲು ಹಚ್ಚಿಕೊಂಡೆ. ಒಂದೇ ದಮ್ಮಿಗೆ ತೊಡೆಯ ನಡುಕ ನಿಂತಿತು. ಅದೇ ನನಗೆ ಹೆಚ್ಚು ಸಂಕಟ ತಂದಿತು. ಸುಳಿಯವರೆಗೂ ಹೋಗಿ ಗೊನೆ ಕೆಡವಿದೆ. ಇಳಿದಾಗ ಕೆಮ್ಮು ತಡೆಯಲಾಗದೆ ಪಂಪ್‌ಸೆಟ್ ಮನೆ ಗೋಡೆಗೆ ಆತು ನಿಂತೆ.

ಮನೆಗೆ ಬಂದಾಗ ಹೆಂಡತಿ ನನ್ನ ಅಂಗಿ ಮೂಸಿದಳು. ಅಂಗಿಯನ್ನು ಬಕೆಟ್ಟಿಗೆ ಹಾಕಿ ಒಳಗೆ ಹೋದಳು. ಬೈದಿದ್ದರೆ ನಾನೂ ಏನಾದರೂ ಎದುರಾಡುತ್ತಿದ್ದೆ.

ಮಾರನೆಯ ಬೆಳಗ್ಗೆ ಮತ್ತೆ ಆ ತೋಟಕ್ಕೆ ಹೋದೆ. "ಕಡಜ ಇರ್ಲಿಲ್ಲ ಕಣಣ್ಣ. ನಂಗೇ ಭಯ ಆಗಿತ್ತು. ಬೀಡಿ ಬಿಟ್ಟಿದ್ದೆ."

ಯಜಮಾನರು "ನಿಂಗೆ ಭಯವಾ?" ಎಂದು ನಕ್ಕು, "ಅಂಗಾದ್ರೆ ಗಿಡ್ಡ ಮರ ಹತ್ತು ಕಣ್ಲಾ" ಎಂದರು.

ತೋಟದಂಚಿನ ಗಿಡ್ಡ ಮರಗಳಿಗೆ ಹೆಂಗಸರೇ ಕೊಕ್ಕೆಯ ದೋಟಿ ಹಾಕಿ ಕಾಯಿ ಕೀಳುತ್ತಾರೆ. ಆ ಹೆಂಗಸರು ನೋಡುತ್ತಿದ್ದಂತೆಯೇ, "ಏನಣ್ಣ, ಏಣಿ ತರ್ಲಾ?" ಎಂದು ರೇಗಿಸುತ್ತಿದ್ದಂತೆಯೇ, ನಾನು ಕಾಲಿಗೆ ಹಗ್ಗ ಹಾಕಿಕೊಂಡು ಅವನ್ನು ಹತ್ತಿದೆ. ಗಾಳಿ ನೋಡಲು ಬುಡದ ಮಣ್ಣನ್ನು ಒಂದು ಚಿಟಿಕೆ ಬೆರಳಲ್ಲಿ ಪುಡಿಮಾಡಿ ಬಿಟ್ಟೆ. ಹೊಗೆಯಷ್ಟೇ ಸರಿಯಾಗಿ ಅದೂ ಹೇಳಿತು. ಇಷ್ಟು ವರ್ಷ ಮಣ್ಣು ಕಾಲಡಿಯಲ್ಲೇ ಇತ್ತು.

ಅಂದಿನಿಂದ ಬೀಡಿ ಮುಟ್ಟಿಲ್ಲ. ಮುಟ್ಟುವುದೇ ಇಲ್ಲ ಎಂದು ಈಗ ಯಾರಿಗೂ ಮಾತು ಕೊಡುವುದಿಲ್ಲ, ಹೆಂಡತಿಗೂ. ನಡುಮಟ್ಟದ ಮರಗಳವರೆಗೆ ಬಂದಿದ್ದೇನೆ. ಪಂಪ್‌ಸೆಟ್ ಪಕ್ಕದ ಮರದ ಕಾಯಿ ಮತ್ತೆ ಬಲಿತಿದೆ. ಯಜಮಾನರು ಬೇರೆಯವರನ್ನು ಕರೆದಿಲ್ಲ. ನಿನ್ನೆ ಅದರ ಬುಡದಲ್ಲಿ ನಿಂತು ಮಣ್ಣು ಬಿಟ್ಟು ನೋಡಿದೆ. ಗಾಳಿ ಇರಲಿಲ್ಲ. ಆದರೂ ಹತ್ತಲಿಲ್ಲ.