ಬಕೆಟ್ಟಿನಲ್ಲಿದ್ದ ಕೆಂಪು ಮಣ್ಣು

ಬೆಳಗಿನ ಹನ್ನೊಂದು ಗಂಟೆ ಹನ್ನೆರಡು ನಿಮಿಷ. ಸಮಯ ಇಷ್ಟು ನಿಖರವಾಗಿ ನೆನಪಿರಲು ಕಾರಣವಿದೆ. ಏಳನೇ ಬ್ರ್ಯಾಕೆಟ್ ಯಂತ್ರದಿಂದ ಇಳಿಯುವ ಹೊತ್ತಾಗಿತ್ತು. ಅದರ ತಪಾಸಣಾ ಹಾಳೆಯಲ್ಲಿ ವೇಳೆ ಬರೆಯಲೆಂದು ಗೋಡೆಯ ಗಡಿಯಾರ ನೋಡಿ ಪೆನ್ನು ಊರಿದ್ದೆ. ಅಷ್ಟರಲ್ಲಿ ಬಿಳಿ ಹಾಳೆಯ ಮೇಲೆ ನನ್ನದೇ ಕೈಯ ನೆರಳು ಕಡುಕಪ್ಪಾಗಿ ಬಿತ್ತು. ಹಾಡಹಗಲಲ್ಲಿ, ನಾಲ್ಕು ಟ್ಯೂಬ್‌ಲೈಟ್ ಉರಿಯುವ ಕೋಣೆಯಲ್ಲಿ ಅಂಥ ನೆರಳು ಬೀಳಲು ಬೆನ್ನ ಹಿಂದೆ ಎಷ್ಟು ಬೆಳಕು ಹುಟ್ಟಿರಬೇಕು ಎಂದು ಯೋಚಿಸುವಷ್ಟು ಸಮಯವೂ ಇರಲಿಲ್ಲ.

ಕೊರೊನಾ ಮುಗಿದ ಎರಡನೇ ವರ್ಷ ಅದು. ಹೊಸಪೇಟೆಯ ಕೈಗಾರಿಕಾ ಪ್ರದೇಶದಲ್ಲಿ ಹತ್ತೊಂಬತ್ತು ಜನರ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಗುಣಮಟ್ಟ ಪರೀಕ್ಷಕಿ. ಲೋಹಶಾಸ್ತ್ರದಲ್ಲಿ ಬಿ.ಇ. ಮಾಡಿದ್ದೆ. ಪಾಪಿನಾಯಕನಹಳ್ಳಿಯ ಮನೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ಗಣಿಗಳ ಪಂಪಿನ ಶಾಫ್ಟು, ಕನ್ವೇಯರಿನ ರೋಲರು, ಸಕ್ಕರೆ ಕಾರ್ಖಾನೆಯ ಬಿಡಿಭಾಗ, ಇವು ನಮ್ಮ ನಿತ್ಯದ ಕೆಲಸ. ಆ ವರ್ಷ ಮೊದಲ ಬಾರಿಗೆ ಬೆಂಗಳೂರಿನ ದೊಡ್ಡ ಕಂಪನಿಯೊಂದು ಹನ್ನೆರಡು ಬ್ರ್ಯಾಕೆಟ್‌ಗಳ ಕೆಲಸ ಕೊಟ್ಟಿತು. ಉಪಗ್ರಹದ ಒಳಗೆ ಉಪಕರಣಗಳನ್ನು ಹಿಡಿದಿಡುವ ಆಧಾರಗಳವು. ಅಂಗೈಗಿಂತ ಸ್ವಲ್ಪ ದೊಡ್ಡವು. ಗೋಡೆಯ ದಪ್ಪ ಒಂದೂಕಾಲು ಮಿಲಿಮೀಟರಿಗೂ ಕಡಿಮೆ.

ಲೋಹ ಮೆಗ್ನೀಸಿಯಂ ಮಿಶ್ರಲೋಹ. ಅಲ್ಯೂಮಿನಿಯಂಗಿಂತ ಮೂರನೇ ಒಂದು ಪಾಲು ಹಗುರ. ಆಕಾಶಕ್ಕೆ ಕಳಿಸುವ ವಸ್ತುವಿನಲ್ಲಿ ಪ್ರತಿ ಗ್ರಾಮೂ ಲೆಕ್ಕಕ್ಕೆ ಬರುವುದರಿಂದ ಅದಕ್ಕೆ ಅಷ್ಟು ಬೆಲೆ. ಗಟ್ಟಿಯಾಗಿ ಇದ್ದಾಗ ಅದು ಸಾಧು. ಆದರೆ ಯಂತ್ರ ಕೊರೆದು ಉದುರಿಸುವ ಸಣ್ಣ ಸಿಪ್ಪೆಗಳಿಗೆ, ಅಂದರೆ ಚಿಪ್ಸ್‌ಗೆ, ಬೆಂಕಿ ತಗುಲಿದರೆ ಬೆಳ್ಳಗೆ ಉರಿಯುತ್ತದೆ. ನೀರು ಹಾಕಿದರೆ ಆರುವ ಬದಲು ಸಿಡಿಯುತ್ತದೆ.

ಕೆಲಸ ಶುರುವಾಗುವ ಮುನ್ನ ಚಹಾದ ಹೊತ್ತಿನಲ್ಲಿ ಎಲ್ಲರನ್ನೂ ನಿಲ್ಲಿಸಿಕೊಂಡು ಇದನ್ನು ಹೇಳಿದ್ದೆ. ಲೋಹದ ಜೊತೆ ಬಂದ ಸುರಕ್ಷತಾ ಹಾಳೆಯನ್ನು ಓದುತ್ತ, "ನೀರು ಬ್ಯಾಡ. ಒಣ ಮರಳು ಹಾಕ್ರಿ, ಇಲ್ಲಂದ್ರ ಒಣ ಉಪ್ಪು ಹಾಕಿದ್ರೂ ನಡೀತದ" ಎಂದೆ.

ಕ್ಯಾಂಟೀನು, ಕಸ, ನೀರಿನ ಪ್ಲಾಂಟು ಎಲ್ಲವನ್ನೂ ನೋಡಿಕೊಳ್ಳುವ ಮೆಟ್ರಿಯ ದುರುಗಮ್ಮ ಕೆಟಲ್ ಹಿಡಿದುಕೊಂಡೇ ನಕ್ಕಳು. "ಬೆಂಕಿಗಿ ಉಪ್ಪು ಹಾಕಿ ದೃಷ್ಟಿ ತೆಗೀತೀವಿ ನಾವು. ನಿಮ್ಮ ಕಾಲೇಜಿನಾಗೂ ಅದನ್ನ ಕಲಿಸ್ಯಾರೇನ್ರಿ ಮೇಡಂ?"

"ಮೆಣಸಿನಕಾಯಿನೂ ಹಾಕಬೇಕೇನ್ರಿ?" ಎಂದ ಸಿಎನ್‌ಸಿ ಯಂತ್ರದ ವೀರೇಶ. ಎಲ್ಲರೂ ನಕ್ಕರು. ನಾನೂ ನಕ್ಕು ಹಾಳೆ ಮಡಚಿದೆ.

ವೀರೇಶ ಎಮ್ಮಿಗನೂರಿನವನು. ಮೂವತ್ತನಾಲ್ಕು ವರ್ಷ. ಕಂಪ್ಯೂಟರ್ ನಡೆಸುವ ಕೊರೆಯುವ ಯಂತ್ರದ ಮುಂದೆ ನಿಂತರೆ ಅದರ ಸದ್ದಿನಿಂದಲೇ ಕಟರ್ ಮೊಂಡಾಯಿತೋ ಇಲ್ಲವೋ ಹೇಳುತ್ತಿದ್ದ. ಆರನೇ ಬ್ರ್ಯಾಕೆಟ್ಟಿನ ತೆಳುಗೋಡೆ ಕೊರೆಯುವಾಗ ನಡುಗಿ ಅಲೆಅಲೆಯಾಗಿ ಗುರುತು ಬಿತ್ತು. ನಾನು ಅದನ್ನು ತಿರಸ್ಕರಿಸಿದೆ. "ಏಳನೇದಕ್ಕ ಸ್ವಲ್ಪ ಮೆಲ್ಲಕ ಹೋಗು" ಎಂದೆ. ಅವನು ಮೆಲ್ಲಗೆ ಹೋದ. ಮೆಗ್ನೀಸಿಯಂನಲ್ಲಿ ಮೆಲ್ಲಗೆ ಹೋಗುವುದೇ ಅಪಾಯ. ಕಟರ್ ಕತ್ತರಿಸದೆ ಉಜ್ಜುತ್ತದೆ, ಬಿಸಿ ಏರುತ್ತದೆ, ಚಿಪ್ಸ್ ಹಿಟ್ಟಿನಂತೆ ನುಣ್ಣಗಾಗುತ್ತದೆ. ಪುಸ್ತಕದಲ್ಲಿ ಓದಿದ್ದ ಸಂಗತಿಯೇ. ಆ ಗಳಿಗೆಯಲ್ಲಿ ನನಗೆ ಗೋಡೆಯ ಗುರುತು ಮಾತ್ರ ಕಂಡಿತ್ತು.

ಬೆಳಕು ಕಂಡು ನಾನು ತಿರುಗುವಷ್ಟರಲ್ಲಿ ವೀರೇಶ ಕೆಂಪು ಗುಂಡಿ ಒತ್ತಿ ಯಂತ್ರ ನಿಲ್ಲಿಸಿದ್ದ. ಯಂತ್ರದ ಕೆಳಗಿನ ಟ್ರೇಯಲ್ಲಿ ಎರಡು ಬೊಗಸೆಯಷ್ಟು ಚಿಪ್ಸ್ ಉರಿಯುತ್ತಿತ್ತು. ಹೇಳಿಕೊಟ್ಟಂತೆಯೇ ಅವನು ನೀರಿನ ಕಡೆ ನೋಡಲಿಲ್ಲ. ಕಂಬಕ್ಕೆ ತೂಗುಹಾಕಿದ್ದ ಮರಳಿನ ಬಕೆಟ್ ತೆಗೆದು ಬೆಂಕಿಯ ಮೇಲೆ ಸುರಿದ.

ಬೆಂಕಿ ಒಂದು ಕ್ಷಣ ಮಂಕಾಯಿತು. ಆಮೇಲೆ ಟ್ರೇ ಒದ್ದಂತೆ ಹಾರಿತು. ಕರಗಿದ ಕಿಡಿಗಳು ಬುಗ್ಗೆಯಂತೆ ಮೇಲೆದ್ದವು. ವೀರೇಶ ಮುಖ ಮುಚ್ಚಿಕೊಂಡು ಹಿಂದಕ್ಕೆ ಬಿದ್ದ. ಬೆವರು ಒರೆಸಲೆಂದು ಹಣೆಯ ಮೇಲಕ್ಕೆ ಸರಿಸಿದ್ದ ಸುರಕ್ಷತಾ ಕನ್ನಡಕ ಅಲ್ಲೇ ಇತ್ತು.

ನೆಲದ ಮೇಲೆ ಚೆಲ್ಲಿದ ಮರಳನ್ನು ಆಗ ನೋಡಿದೆ. ಅದು ಮರಳಾಗಿರಲಿಲ್ಲ. ಸಂಡೂರಿನ ಕಬ್ಬಿಣದ ಅದಿರಿನ ಕೆಂಪು ಪುಡಿ.

ಕಬ್ಬಿಣದ ಅದಿರೆಂದರೆ ಆಮ್ಲಜನಕದ ಜೊತೆ ಕೂಡಿದ ಕಬ್ಬಿಣ. ಉರಿಯುವ ಮೆಗ್ನೀಸಿಯಂ ಆ ಆಮ್ಲಜನಕವನ್ನು ಕಿತ್ತುಕೊಂಡು ಮತ್ತಷ್ಟು ಉರಿಯುತ್ತದೆ. ರೈಲು ಹಳಿ ಬೆಸೆಯಲು ಬಳಸುವುದು ಇದೇ ಬಗೆಯ ಕ್ರಿಯೆ. ಪರೀಕ್ಷೆಯಲ್ಲಿ ಇದರ ಸಮೀಕರಣ ಬರೆದು ಪೂರ್ತಿ ಅಂಕ ಪಡೆದವಳು ನಾನು.

ಎರಡನೇ ಬಕೆಟ್ ಹಿಡಿದು ಹುಲುಗಪ್ಪ ಓಡಿಬರುತ್ತಿದ್ದ. ಸಂಡೂರಿನ ಗಣಿಗಳಲ್ಲಿ ಇಪ್ಪತ್ತೆರಡು ವರ್ಷ ದುಡಿದು ನಮ್ಮಲ್ಲಿಗೆ ಬಂದ ಹಿರಿಯ ಕೆಲಸಗಾರ. "ಬ್ಯಾಡ, ಹುಲುಗಪ್ಪ, ಬ್ಯಾಡ!" ಎಂದು ಕೂಗಿದೆನೆಂದು ನಾನು ಬಹಳ ದಿನ ನಂಬಿದ್ದೆ. ನನ್ನ ಬಾಯಿಂದ ದನಿಯೇ ಹೊರಡಲಿಲ್ಲವೆಂದು ಉಳಿದವರು ಆಮೇಲೆ ಹೇಳಿದರು. ಅಡ್ಡ ಹೋಗಿ ಬಕೆಟ್ ಹಿಡಿದದ್ದು ಮಾತ್ರ ನಿಜ. ಯಂತ್ರದಿಂದ ಹತ್ತು ಹೆಜ್ಜೆ ದೂರದಲ್ಲಿ ಹಿಂದಿನ ಆರು ಬ್ರ್ಯಾಕೆಟ್‌ಗಳ ಚಿಪ್ಸ್ ತುಂಬಿದ ಡ್ರಮ್ ಇತ್ತು. ಕಿಡಿಗಳು ಅದರ ಮುಚ್ಚಳದ ಮೇಲೆ ಟಪಟಪ ಬೀಳುತ್ತಿದ್ದವು. ಬೆಂಕಿ ಅದಕ್ಕೆ ಮುಟ್ಟಿದ್ದರೆ ಈ ಬರಹ ಬರೆಯಲು ನಾನಿರುತ್ತಿರಲಿಲ್ಲ.

"ಮೇಡಂ, ಉಪ್ಪು ಅಂದಿದ್ರಲ್ರಿ! ಉಪ್ಪು!"

ದುರುಗಮ್ಮನ ದನಿ. ಕೆಟಲ್ ನೆಲದ ಮೇಲೆ ಉರುಳಿತ್ತು. ಅವಳು ಆಗಲೇ ನೀರಿನ ಪ್ಲಾಂಟಿನ ಕೋಣೆಗೆ ಓಡುತ್ತಿದ್ದಳು. ಬೋರಿನ ಗಡಸು ನೀರನ್ನು ಮೆದು ಮಾಡುವ ಯಂತ್ರಕ್ಕೆ ಉಪ್ಪು ಬೇಕು. ಹಿಂದಿನ ದಿನವಷ್ಟೇ ಹೊಸ ಚೀಲಗಳು ಬಂದಿದ್ದವು. "ಹುಲುಗಪ್ಪಣ್ಣ, ಅದನ್ನ ಒಗಿ, ಚೀಲ ಹಿಡಿ ಬಾ ಲಗೂನ!" ಐವತ್ತು ಕಿಲೋದ ಚೀಲವನ್ನು ಇಬ್ಬರೂ ಎಳೆದು ತಂದರು. ಹುಲುಗಪ್ಪ ಉದ್ದನೆಯ ಸಲಿಕೆಯಿಂದ ಬದಿಯಿಂದ ಮೆಲ್ಲಗೆ ಉಪ್ಪು ಸರಿಸಿ ಬೆಂಕಿಯನ್ನು ಹೂಳುತ್ತ ಬಂದ. ಚಟಪಟ ಸದ್ದಾಯಿತು. ಆಮೇಲೆ ಉಪ್ಪು ಕರಗಿ ಹೆಪ್ಪುಗಟ್ಟಿ ಬೆಂಕಿಯ ಮೇಲೆ ಮುಚ್ಚಳದಂತೆ ಕೂತಿತು. ಬೆಳಕು ಬಿಳಿಯಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ಇಳಿಯಿತು. ಒಂದೂವರೆ ಚೀಲ ಹಿಡಿಯಿತು.

ಅಷ್ಟು ಹೊತ್ತೂ ನಾನು ಹೊರಗಿನ ನಲ್ಲಿಯ ಕೆಳಗೆ ವೀರೇಶನ ತಲೆ ಹಿಡಿದು ಅವನ ಕಣ್ಣಿಗೆ ನೀರು ಹೊಯ್ಯುತ್ತಿದ್ದೆ. ಅವನು ಒಂದೇ ಮಾತು ಕೇಳುತ್ತಿದ್ದ. "ಮೇಡಂ, ಪೀಸ್ ಹೋತೇನ್ರಿ?"

ಬಳ್ಳಾರಿಯ ಆಸ್ಪತ್ರೆಯಲ್ಲಿ ಎಡಗೈಯ ಸುಟ್ಟಗಾಯಕ್ಕೆ ಪಟ್ಟಿ ಕಟ್ಟಿದರು. ಎಡಗಣ್ಣಿಗೆ ತೊಂದರೆಯಿಲ್ಲ ಎಂದರು. ಬಲಗಣ್ಣಿನ ಕಪ್ಪುಗುಡ್ಡೆಯ ಮೇಲಿನ ಪೊರೆ ಸುಟ್ಟಿತ್ತು. "ನಾಕು ವಾರ ಕಾಯೋಣ. ದೃಷ್ಟಿ ಎಷ್ಟು ಉಳೀತದ ಅಂತ ಈಗ ಹೇಳಕ್ಕಾಗಲ್ಲ" ಎಂದರು ಡಾಕ್ಟರ್. ಕೂದಲೆಳೆಯ ಅಳತೆ ನೋಡಿ ಬದುಕುವವನ ಬಲಗಣ್ಣು ಅದು.

ಅಂದಿನಿಂದ ನನಗೆ ನಿದ್ದೆ ಬರದಾಯಿತು. ಕಣ್ಣು ಮುಚ್ಚಿದರೆ ಬಿಳಿ ಹಾಳೆ, ಕಪ್ಪು ನೆರಳು. ಅದಕ್ಕಿಂತ ಹೆಚ್ಚಾಗಿ ಕಾಡಿದ್ದು ಬೇರೆ ಒಂದು ಹಾಳೆ. ಬೆಂಕಿಗೆ ಒಂಬತ್ತು ದಿನ ಮೊದಲು "ಮರಳಿನ ಬಕೆಟ್: ನಾಲ್ಕು, ಭರ್ತಿ, ಒಣ" ಎಂಬ ಸಾಲಿನ ಮುಂದೆ ಟಿಕ್ ಹಾಕಿದವಳು ನಾನೇ. ಸುಮ್ಮನೆ ಹಾಕಿರಲಿಲ್ಲ. ಮುಷ್ಟಿಯಲ್ಲಿ ಹಿಡಿದು ನೋಡಿದ್ದೆ. ಒಣಗಿತ್ತು, ಭಾರವಾಗಿತ್ತು. ಕೈ ಕೆಂಪಾಯಿತು, ಒರೆಸಿಕೊಂಡೆ. ಅದಿರಿನ ಧೂಳಿಗೆ ನಮ್ಮ ಊರಿನಲ್ಲಿ ಬೇಲಿಯ ಎಲೆ ಕೆಂಪು, ಒಣಹಾಕಿದ ಬಟ್ಟೆ ಕೆಂಪು, ಬಸ್ಸಿನ ಸೀಟು ಕೆಂಪು. ಕೆಂಪಾದ ಕೈಯನ್ನು ನಾನು ಎಂದಾದರೂ ಅನುಮಾನದಿಂದ ನೋಡಿದ್ದುಂಟೇ?

ಮೂರನೇ ದಿನ ಹುಲುಗಪ್ಪ ನನ್ನ ಮೇಜಿನ ಮುಂದೆ ಬಂದು ನಿಂತ. ಟವೆಲ್ಲನ್ನು ಕೈಯಲ್ಲಿ ಹಿಂಡುತ್ತಿದ್ದ.

"ಉಸುಕಿನ ಲಾರಿ ಬರಲಿಲ್ಲರಿ ಮೇಡಂ. ಅದಕ್ಕ ನಾನ ಊರಿಂದ ತಂದು, ಜರಡಿ ಹಿಡದು, ಎರಡು ದಿನ ಬಿಸಲಾಗ ಒಣಗಿಸಿ ತುಂಬೀನ್ರಿ. ಗಣಿಯಾಗ ಡೀಸಲ್ ಬೆಂಕಿಗಿ ಅದನ್ನ ಹಾಕಿ ಆರಿಸೀವ್ರಿ. ಮಣ್ಣು ಬೆಂಕಿ ನುಂಗತದಂತ ಗೊತ್ತಿತ್ತು. ಬೆಂಕಿಗಿ ಮಣ್ಣ ಊಟ ಆಗತದಂತ ಯಾರಿಗ್ ಗೊತ್ತಿತ್ರಿ?"

"ನನಗೆ ಗೊತ್ತಿತ್ತು ಹುಲುಗಪ್ಪ" ಎಂದೆ. "ನಾನು ನೋಡಲಿಲ್ಲ ಅಷ್ಟೆ."

ಅವನು ಬಾಯಿ ಬಿಡದಿದ್ದರೆ ಬಕೆಟ್ ತುಂಬಿದವರು ಯಾರೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಅವನು ಒಪ್ಪಿಕೊಂಡ ಮೇಲೆ ನಾನು ಅಡಗಿಕೊಳ್ಳುವುದು ಸಾಧ್ಯವಿರಲಿಲ್ಲ. ಮೆಲ್ಲಗೆ ಹೋಗು ಎಂದದ್ದು, ಟಿಕ್ ಹಾಕಿದ್ದು ಎರಡನ್ನೂ ವರದಿಯಲ್ಲಿ ನನ್ನ ಹೆಸರಿನಲ್ಲೇ ಬರೆದೆ. ಕಾರ್ಖಾನೆಯ ಯಜಮಾನರು ಎರಡು ಸಲ ಓದಿದರು. ಇದನ್ನು ಬೆಂಗಳೂರಿಗೆ ಕಳಿಸಿದರೆ ಕೆಲಸ ಕೈತಪ್ಪಬಹುದೆಂದು ಅವರಿಗೂ ಗೊತ್ತಿತ್ತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಇದ್ದದ್ದು ಇದ್ದಂಗ ಕಳಸ್ರಿ" ಎಂದರು. ಆ ಒಂದು ಮಾತಿಗೆ ನಾನು ಇಂದಿಗೂ ಋಣಿ. ಬಂದು ನೋಡಿದ ಕಂಪನಿಯ ಎಂಜಿನಿಯರು ಕೆಲಸ ಹಿಂತೆಗೆದುಕೊಳ್ಳಲಿಲ್ಲ. ಬೆಂಕಿಯ ಭಯವಿಲ್ಲದೆ ತೆಳುಗೋಡೆ ಕೊರೆಯುವ ವಿಧಾನ ತೋರಿಸಿದರೆ ಮುಂದುವರಿಯಿರಿ ಎಂದರು.

ಆ ವಿಧಾನ ಸಿಕ್ಕಿದ್ದು ಎಮ್ಮಿಗನೂರಿನಲ್ಲಿ. ಎರಡನೇ ಭಾನುವಾರ ದುರುಗಮ್ಮನೂ ನಾನೂ ವೀರೇಶನನ್ನು ನೋಡಲು ಹೋದೆವು. ಬಲಗಣ್ಣಿಗೆ ಹತ್ತಿ ಕಟ್ಟಿಕೊಂಡು ಮಂಚದ ಮೇಲೆ ಕೂತಿದ್ದ. ಅವನ ಹೆಂಡತಿ ಮಂಜುಳಾ ಅಚ್ಚುಬೆಲ್ಲ, ನೀರು ತಂದಿಟ್ಟಳು. "ಬಂದವರಿಗೆಲ್ಲ ಇವರು ಗ್ವಾಡಿ ನಡಗತದ, ಗ್ವಾಡಿ ನಡಗತದ ಅಂತಾರ್ರಿ. ಅಕ್ಕಪಕ್ಕದವರು ನಮ್ಮ ಮನಿ ಗ್ವಾಡಿ ಮುಟ್ಟಿಮುಟ್ಟಿ ನೋಡ್ಯಾರ" ಎಂದು ನಕ್ಕಳು. ಆ ನಗೆಯ ಹಿಂದೆ ಅವಳೂ ನಿದ್ದೆಗೆಟ್ಟಿದ್ದು ಕಾಣುತ್ತಿತ್ತು.

ವೀರೇಶ ಬೆಲ್ಲದ ಅಚ್ಚನ್ನು ಕೈಯಲ್ಲಿ ತಿರುಗಿಸುತ್ತಿದ್ದ. "ಮೇಡಂ, ಗ್ವಾಡಿ ತೆಳ್ಳಗ ಐತಿ, ಒಳಗ ಖಾಲಿ ಐತಿ, ಅದಕ್ಕ ನಡಗತದ. ಪಾಕ ಹೊಯ್ದಂಗ ಒಳಗ ಏನರ ಹೊಯ್ದು ಗಟ್ಟಿ ಮಾಡಿದ್ರ? ಆಮ್ಯಾಲೆ ಕರಗಿಸಿ ತಗದ್ರಾತು. ನಡಗಲಿಲ್ಲಂದ್ರ ಮೆಲ್ಲಕ ಯಾಕ ಹೋಗಬೇಕು?"

"ಬೆಲ್ಲ ಹೊಯ್ದು ಮ್ಯಾಲೆ ಕಳಿಸಿದ್ರ ಇರುವಿ ಹತ್ತತಾವ ನೋಡು" ಎಂದಳು ದುರುಗಮ್ಮ.

ಬೆಲ್ಲದ ಬದಲು ಯಂತ್ರಕೆಲಸಕ್ಕೆಂದೇ ಸಿಗುವ ಮೇಣ ತರಿಸಿದೆವು. ಒಳಭಾಗ ಕೊರೆದು, ಮೇಣ ಹೊಯ್ದು, ಗಟ್ಟಿಯಾದ ಮೇಲೆ ಹೊರಗೋಡೆಯನ್ನು ಹೊಸ ಕಟರ್‌ನಿಂದ ದಪ್ಪ ಚಿಪ್ಸ್ ಬೀಳುವಂತೆ ಕತ್ತರಿಸುವುದು. ಬೇರೆ ಕಡೆ ಇಂಥದ್ದನ್ನು ಮೊದಲೇ ಮಾಡಿದ್ದಾರೆಂದು ಆಮೇಲೆ ತಿಳಿಯಿತು. ಇರಲಿ. ನಮಗೆ ಅದು ಬೆಲ್ಲದ ಅಚ್ಚಿನಿಂದಲೇ ಬಂದದ್ದು. ಅಲ್ಯೂಮಿನಿಯಂ ತುಂಡಿನ ಮೇಲೆ ಮೊದಲು ಪ್ರಯೋಗ ಮಾಡಿದೆವು. ಗೋಡೆ ಕನ್ನಡಿಯಂತೆ ಬಂತು. ಆದರೂ ಮೆಗ್ನೀಸಿಯಂ ಮುಟ್ಟಲಿಲ್ಲ. "ವೀರೇಶ ಬರಲಿ" ಎಂದರು ಯಜಮಾನರು.

ಬೆಂಕಿಯಾದ ಮೂವತ್ತೊಂದನೇ ದಿನ, ಸೋಮವಾರ, ಅವನು ಬಂದ. ಪಟ್ಟಿ ಬಿಚ್ಚಿ ನಾಲ್ಕು ದಿನವಾಗಿತ್ತು. ಹೇಗಿದೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವನೂ ಹೇಳಲಿಲ್ಲ. ಯಂತ್ರದ ಪಕ್ಕದಲ್ಲಿ ಮುಚ್ಚಳವಿದ್ದ ಉಪ್ಪಿನ ಡಬ್ಬಗಳಿದ್ದವು. ಚಿಪ್ಸ್ ಡ್ರಮ್ ಹೊರಗಿನ ಶೆಡ್ಡಿಗೆ ಹೋಗಿತ್ತು. ಕನ್ನಡಕವನ್ನು ಕಣ್ಣಿನ ಮೇಲೆಯೇ ಬಿಗಿದುಕೊಂಡು ಅವನು ಗುಂಡಿ ಒತ್ತಿದ. ನಾನು ಗಡಿಯಾರ ನೋಡಲಿಲ್ಲ. ಟ್ರೇಯನ್ನೇ ನೋಡುತ್ತ ನಿಂತೆ.

ಮಧ್ಯಾಹ್ನ ಎರಡರ ಹೊತ್ತಿಗೆ ಬ್ರ್ಯಾಕೆಟ್ ಇಳಿಯಿತು. ಮೇಣ ಕರಗಿಸಿ ಒರೆಸಿದೆವು. ಮೂಲೆಯ ಗೋಡೆಯನ್ನು ನಾನೇ ವರ್ನಿಯರ್‌ನಿಂದ ಅಳೆದು ಹಾಳೆಯಲ್ಲಿ 1.22 ಎಂದು ಬರೆದೆ. ವೀರೇಶ ವರ್ನಿಯರ್ ತೆಗೆದುಕೊಂಡ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿದ. ಬಲಗಣ್ಣನ್ನು ಗೆರೆಗಳ ಹತ್ತಿರಕ್ಕೆ ತಂದ. ಹುಲುಗಪ್ಪ ಟವೆಲ್ ಬಾಯಿಗೆ ಒತ್ತಿಕೊಂಡು ನಿಂತಿದ್ದ.

"ಒಂದು ಪಾಯಿಂಟ್ ಎರಡು ಸೊನ್ನಿ" ಎಂದ. "ಮೇಡಂ, ನೀವು ಎರಡು ಎರಡು ಬರದೀರಿ. ಕಣ್ಣ ತೋರಿಸಿಕೋರಿ ಎಲ್ಯರ."

ನಾನು ಮತ್ತೆ ಅಳೆದೆ. ಅವನು ಹೇಳಿದ್ದೇ ಸರಿ. ನನ್ನ ವೃತ್ತಿಯಲ್ಲಿ ಬರೆದ ಅಂಕಿಯನ್ನು ಅಷ್ಟು ಸಂತೋಷದಿಂದ ಹೊಡೆದುಹಾಕಿದ್ದು ಅದೊಂದೇ ಸಲ. ತಿದ್ದುವಾಗ ಹಾಳೆಯ ಮೇಲೆ ಒಂದು ಹನಿ ಬಿತ್ತು. ದುರುಗಮ್ಮ ಒಂದು ಹಿಡಿ ಉಪ್ಪು ತಂದು ವೀರೇಶನ ಮುಖಕ್ಕೆ ಮೂರು ಸುತ್ತು ನಿವಾಳಿಸಿದಳು. ಯಾರೂ ನಗಲಿಲ್ಲ.

ನಮ್ಮ ತಪಾಸಣಾ ಪಟ್ಟಿಯಲ್ಲಿ ಈಗ ಟಿಕ್ ಹಾಕುವ ಚೌಕಗಳಿಲ್ಲ. "ಡಬ್ಬದೊಳಗೆ ಏನಿದೆ?" ಎಂದು ಕೇಳಿ ಜಾಗ ಬಿಟ್ಟಿದೆ. ಕಂಡದ್ದನ್ನು ಕೈಯಾರೆ ಬರೆಯಬೇಕು. ಹುಟ್ಟಿದಾಗಿನಿಂದ ನೋಡುತ್ತ ಬಂದದ್ದನ್ನೇ ಮತ್ತೆ ಮೊದಲ ಸಲ ನೋಡುವುದು ಈ ಕೆಲಸ ಕಲಿಸಿದ ಕಷ್ಟದ ಪಾಠ. ಸುರಕ್ಷತೆಯ ಮಾತನ್ನು ನಗಿಸಿಯಾದರೂ ಹೇಳಬೇಕೆಂಬುದನ್ನೂ ಕಲಿತೆ. ಆ ದಿನ ನನ್ನ ಹಾಳೆ ನನಗೇ ನೆನಪಾಗಲಿಲ್ಲ. ತಾನು ಆಡಿದ ತಮಾಷೆ ದುರುಗಮ್ಮನಿಗೆ ನೆನಪಿತ್ತು.

ಆ ಸೋಮವಾರ ಮನೆಗೆ ಬಂದು ಉಂಡು ಮಲಗಿದ್ದಷ್ಟೇ ಗೊತ್ತು. ಅವ್ವ ಭುಜ ಅಲುಗಿಸುತ್ತಿದ್ದಳು. ಕಿಟಕಿಯಿಂದ ಬಿಸಿಲು ಹಾಸಿಗೆಯ ಅರ್ಧಕ್ಕೆ ಬಂದಿತ್ತು.

"ಏಳವ್ವ, ಎಂಟಾತು. ಬಸ್ಸು ಹೋತು. ಇವತ್ತು ಡ್ಯೂಟಿ ಇಲ್ಲೇನು?"