ಅಜ್ಜನ ಗೋಪುರದ ಇಟ್ಟಿಗೆ

ಇಸ್ಫಹಾನಿನ ಆಚೆಯ ಆ ಊರಿನಲ್ಲಿ ತೂಬಾಳ ಬೈಗುಳ ತಿನ್ನದ ಗಂಡಸಿಲ್ಲ, ಅವಳ ಮನೆಯ ಮೊಟ್ಟೆ ತಿನ್ನದ ಬಾಣಂತಿಯೂ ಇಲ್ಲ. ಗಂಡ ತೀರಿದ ಮೇಲೆ ಕೋಳಿಗಳೇ ಅವಳ ಸಂಸಾರ. ಒಂದಕ್ಕೆ ಸತ್ತ ಅತ್ತೆಯ ಹೆಸರಿಟ್ಟು ದಿನಾ ಬಾಯಿ ತುಂಬ ಬೈಯುತ್ತಿದ್ದಳು.

ಗೋಡೆಯಾಚೆಯ ನೊಸ್ರತ್ ಅವಳ ಬಾಲ್ಯದ ಗೆಳತಿ. ಆ ಊರಿನಲ್ಲಿ ಕಾವಿಗೆ ಕೂತ ಹೇಂಟೆಯನ್ನು ಕೇಳಿದವರಿಗೆ ಇಲ್ಲವೆನ್ನುವಂತಿಲ್ಲ. ಮರಿಯಾದ ಮೇಲೆ ಹೇಂಟೆಯ ಜೊತೆ ಒಂದು ಮರಿಯನ್ನೂ ಸೇರಿಸಿ ಹಿಂದಿರುಗಿಸಬೇಕು. ಆ ವಸಂತದಲ್ಲಿ ತೂಬಾ ಹೊಸ ಗೂಡು ಕಟ್ಟಿದಳು. ಅಜ್ಜ ಗೊಬ್ಬರಕ್ಕಾಗಿ ಪಾರಿವಾಳ ಸಾಕುತ್ತಿದ್ದ ಗೋಪುರ ಪಾಳುಬಿದ್ದು ಕುಸಿದಿತ್ತು. ಅಜ್ಜನ ಕೈ ತಾಗಿದ ಇಟ್ಟಿಗೆ ಮಣ್ಣುಪಾಲಾಗುವುದೇ ಎಂದು ಹೊತ್ತು ತಂದು, ಅದರಲ್ಲೇ ಗೋಡೆ ಎಬ್ಬಿಸಿದಳು. ನೊಸ್ರತ್‌ಳ ಬೂದು ಹೇಂಟೆಯನ್ನು ತಂದು ಮೊಟ್ಟೆಗಳ ಮೇಲೆ ಕೂರಿಸಿದಳು.

ಸ್ವಲ್ಪ ದಿನಕ್ಕೇ ಕೋಳಿಗಳ ಜುಟ್ಟು ಬಿಳಿಚಿತು. ಅತ್ತೆಕೋಳಿ ಸತ್ತೇ ಹೋಯಿತು. ಬೈಯುತ್ತಿದ್ದವಳೇ ಅದನ್ನು ಮಡಿಲಲ್ಲಿಟ್ಟುಕೊಂಡು ಗೊಳೋ ಎಂದು ಅತ್ತಳು. ಗೂಡಿನ ಸಂದಿ ಕೆದಕಿದರೆ, ಅಯ್ಯೋ, ರಕ್ತ ಕುಡಿದು ಉಬ್ಬಿದ ಮೆತ್ತನೆಯ ಉಣುಗುಗಳು!

ಹೇಂಟೆಯನ್ನೂ ಮೊಟ್ಟೆಯ ಬುಟ್ಟಿಯನ್ನೂ ಎತ್ತಿಕೊಂಡು ಹೋಗಿ ನೊಸ್ರತ್‌ಳ ಬಾಗಿಲಲ್ಲಿ ಕುಕ್ಕಿದಳು.

"ಇದು ಹೇಂಟೆಯಲ್ಲ ಕಣೇ, ಪೀಡೆ! ಉಣುಗು ಹೊತ್ಕೊಂಡು ಬಂದು ನನ್ನ ಸಂಸಾರ ತಿಂತು!"

"ಉಣುಗು ಯಾರ ಗೂಡಲ್ಲಿಲ್ಲ? ನನ್ನ ಕೋಳಿ ಸತ್ತಿಲ್ವಲ್ಲ?" ಎಂದಳು ನೊಸ್ರತ್. "ಬಾಯಿಗೆ ಬಂದಂಗೆ ಆಡ್ಬೇಡ, ಆಮೇಲೆ ನೀನೇ ಅಳ್ತೀಯ."

ಅಲ್ಲಿಗೆ ಚಹಾ ಕುಡಿಯುತ್ತ ಗೋಡೆಯ ಮೇಲಿಂದ ಆಡುತ್ತಿದ್ದ ದಿನದ ಮಾತು ನಿಂತಿತು. ಒಬ್ಬಳೇ ಕುಡಿದ ಚಹಾ ತೂಬಾಳಿಗೆ ರುಚಿಸುತ್ತಿರಲಿಲ್ಲ. ಆದರೂ ಪಶುವೈದ್ಯೆ ಪರೀಸಾ ಬಂದಾಗ, "ಈ ಉಣುಗು ಆ ನೊಸ್ರತ್ ಮನೇದೇ ಅಂತ ಸಾಬೀತು ಮಾಡ್ಕೊಡು ಮಗಳೇ" ಎಂದು ಹಟ ಹಿಡಿದಳು. ಪರೀಸಾ ಎರಡೂ ಗೂಡಿನ ಹುಳ ಹಿಡಿದು ಸೀಸೆಗೆ ಹಾಕಿಕೊಂಡು ಹೋದಳು.

ಕೆಲವು ವಾರಗಳ ಮೇಲೆ ಅವಳು ನಗುತ್ತ ಬಂದಳು. "ಚಿಕ್ಕಮ್ಮಾ, ಎರಡೂ ಬೇರೆ ಬೇರೆ ಜಾತಿ. ನೊಸ್ರತ್ ಮನೇದರ ಅಂಚಲ್ಲಿ ಚೌಕಚೌಕ ಹೊಲಿಗೆ ಹಾಕಿದಂಗಿದೆ; ಅದು ಕೋಳಿ ಉಣುಗು. ನಿಮ್ಮದರ ಅಂಚು ಬರೀ ಸಣ್ಣ ಗೆರೆ. ಅನುಮಾನ ಬೇಡ ಅಂತ ವಂಶವಾಹಿನೂ ಪರೀಕ್ಷೆ ಮಾಡಿಸ್ದೆ. ನಿಮ್ಮದು ಪಾರಿವಾಳದ ಉಣುಗು. ವರ್ಷಗಟ್ಟಲೆ ಉಪವಾಸ ಇದ್ದು ಬದುಕೋ ಹಟಮಾರಿ. ಪಾರಿವಾಳ ಸಾಕಿದ್ರಾ?"

"ನಾನೆಲ್ಲಿ ಸಾಕ್ದೆ..." ಎಂದವಳ ಕಣ್ಣು ಗೂಡಿನ ಇಟ್ಟಿಗೆಯ ಮೇಲೆ ನಿಂತಿತು. ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದವಳ ತಟ್ಟೆಯ ನೊಣ ತೋರಿಸಿದ್ದಳು! ಹಣೆ ಹಣೆ ಚಚ್ಚಿಕೊಂಡಳು. ನಾಚುತ್ತಲೇ ಎದ್ದು ಹೋಗಿ ನೊಸ್ರತ್‌ಳ ಬಾಗಿಲು ತಟ್ಟಿದಳು.

"ಯಾರದು?"

"ಪೀಡೆ," ಎಂದಳು ತೂಬಾ. "ನಿನ್ನ ಹೇಂಟೆಯಲ್ಲ ಕಣೇ, ನಾನು. ಹುಳ ನಮ್ಮಜ್ಜನ ಇಟ್ಟಿಗೇಲಿತ್ತು."

ಬಾಗಿಲು ತೆರೆಯಿತು. ಅಂಗಳದಲ್ಲಿ ಬೂದು ಹೇಂಟೆಯ ಹಿಂದೆ ಮರಿಗಳ ಹಿಂಡು ಚಿಂವ್‌ಗುಡುತ್ತಿತ್ತು. ತೂಬಾ ಬಾಯಿ ಬಿಟ್ಟು ನೋಡಿದಳು.

"ಏನ್ ನೋಡ್ತೀಯ? ಬಾಗಿಲಲ್ಲಿ ಕುಕ್ಕಿ ಹೋದೆಯಲ್ಲ, ಅದೇ ಮೊಟ್ಟೆ. ಇನ್ನೂ ಬೆಚ್ಚಗಿದ್ವು, ಕೂರಿಸ್ದೆ. ಆ ಗೂಡು ಕೆಡವಿ ಬಾ, ನಿನ್ನ ಮರಿ ಹೊತ್ಕೊಂಡು ಹೋಗು. ಪದ್ಧತಿ ಪ್ರಕಾರ ಆ ಕಂದು ಮರಿ ಮಾತ್ರ ನಂದು. ಹೆಸರೂ ಇಟ್ಟಾಯ್ತು."

"ಏನಂತ?"

"ತೂಬಾ ಅಂತ. ಇಷ್ಟು ದಿನ ಬೈಯೋಕೆ ಯಾರಾದ್ರೂ ಬೇಕಿತ್ತಲ್ಲ."